ಬಿಚ್ಚುವ ಮೊದಲು ಒಂಚೂರು ಬಿಗಿ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ನನಗಿನ್ನೂ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ, ಕಾಯುತ್ತೇನೆ.

(ಕಾದೆ. ನೀವು ಹೇಳಲಿಲ್ಲ.)

ಮೊದಲು ಹೀಗೆ ಬರೆದಿದ್ದೆ: ‘ಬೋಲ್ಟು ಮುರಿದಿತ್ತು.’ ಚಿಕ್ಕದಾಗಿದೆ, ಚೆನ್ನಾಗಿದೆ. ಆದರೆ ಹಾಗೆ ಬರೆದ ಕೂಡಲೇ ಯಾರು ಮುರಿದರು ಅಂತ ನೀವು ಕೇಳುತ್ತೀರಿ. ಅದಕ್ಕೆ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ. ಹೊಡೆದು ಹಾಕಿದೆ. ಆಮೇಲೆ ಹೀಗೆ ಬರೆದೆ: ‘ತುಕ್ಕು ಎಂದರೆ ಕಬ್ಬಿಣದ ಮೇಲೆ ಕಾಲ ಹಾಕುವ ರುಜು.’ ಬರೆದ ಖುಷಿಗೆ ಎದ್ದು ಹೋಗಿ ಕಾಫಿ ಕುಡಿದು ಬಂದೆ. ಬಂದು ಓದಿದರೆ ನಾಚಿಕೆಯಾಯಿತು. ತುಕ್ಕು ಅಂದರೆ ತುಕ್ಕು. ಅದಕ್ಕೆ ಓದು ಬರಹ ಬರುವುದಿಲ್ಲ.

ಮೂರನೇ ಸಲ ಬರೆದದ್ದು ಇದು:

ಸಾವಿರದ ಒಂಬೈನೂರ ಎಂಬತ್ತೊಂದನೇ ಇಸವಿ, ನವೆಂಬರ್ ತಿಂಗಳು. ಅಜ್ಜಂಪುರದಲ್ಲಿ ಒಂದು ಸೋಮವಾರ ಸಂಜೆ ವಿಶಾಲಾಕ್ಷಮ್ಮನವರು ತಮ್ಮ ಮನೆಯ ಕಾರಿನ ಡ್ರೈವರ್ ಸೀಟಿನಲ್ಲಿ ಕೂತರು. ಅವರ ಕಾಲು ಕ್ಲಚ್ಚಿಗೆ ಎಟುಕಲಿಲ್ಲ.

ಇದನ್ನು ಇಟ್ಟುಕೊಳ್ಳೋಣ.

2

ವಿಶಾಲಾಕ್ಷಮ್ಮನವರು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ನಲವತ್ತಾರು ವರ್ಷ. ಎತ್ತರ ಐದಡಿಗೆ ಎರಡಿಂಚು ಕಮ್ಮಿ. ಅವರ ಯಜಮಾನರು ಮಲ್ಲಿಕಾರ್ಜುನಪ್ಪನವರು ಬಿತ್ತನೆ ಬೀಜದ ವ್ಯಾಪಾರಿ, ಎತ್ತರ ಆರಡಿ ಒಂದಿಂಚು. ಇಬ್ಬರೂ ಜೊತೆಯಾಗಿ ಮಠಕ್ಕೆ ಹೋದರೆ ಜನ ಮೊದಲು ಮೇಲೆ ನೋಡಿ, ಆಮೇಲೆ ಕೆಳಗೆ ನೋಡಿ, ಎರಡು ಸಲ ನಮಸ್ಕಾರ ಮಾಡುತ್ತಿದ್ದರು.

ನಾನು ಯಾರು ಅಂತ ಕೇಳಿದಿರಾ? ಅವರ ಮನೆಯ ಮುಂದಿನ ರೂಮಿನ ಬಾಡಿಗೆದಾರ. ಆಗ ನನಗೆ ಇಪ್ಪತ್ತಾರು ವರ್ಷ, ಅಜ್ಜಂಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಆ ಮನೆಯಲ್ಲಿ ನನಗೆ ಹೆಸರಿರಲಿಲ್ಲ. ಟೀಚರಮ್ಮ ನನ್ನನ್ನು ‘ಟೆಲಿಫೋನು’ ಅಂತಲೇ ಕರೆಯುತ್ತಿದ್ದರು. “ಏನಪ್ಪಾ ಟೆಲಿಫೋನು, ತಿಂಡಿ ಆಯ್ತಾ?”

ಕಾರು ಎರಡು ಬಾಗಿಲಿನ ಹಳೆಯ ಕಾರು. ಕಂಪನಿಯ ಹೆಸರು ಹೇಳುವುದಿಲ್ಲ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ತಪ್ಪು ಕಾರಿನದಲ್ಲ. ಎಪ್ಪತ್ತೊಂದರಲ್ಲಿ ಒಂದು ದಿನ ಏರಿನಲ್ಲಿ ಗೇರು ಬದಲಿಸುವಾಗ, ಮಲ್ಲಿಕಾರ್ಜುನಪ್ಪನವರು ಸೀಟಿನಡಿಯ ಚೀಲ ಎಳೆಯಲು ಹೋಗಿ ಸೀಟು ಸರಿಸುವ ಸನ್ನೆಯನ್ನೇ ಎಳೆದುಬಿಟ್ಟಿದ್ದರು, ಸೀಟು ಸರಕ್ಕನೆ ಹಿಂದೆ ಜಾರಿತ್ತು. ಅವತ್ತೇ ಸೀಟನ್ನು ತಮ್ಮ ಕಾಲಿಗೆ ಸರಿಹೊಂದುವಷ್ಟು ಹಿಂದಕ್ಕೆ ತಳ್ಳಿ, ಕಾರಿನ ತಳದಿಂದ ಮೇಲಕ್ಕೆ ಒಂದು ಬೋಲ್ಟು ತೂರಿಸಿ, ಸೀಟು ಜಾರುವ ಕಂಬಿಯ ಮೇಲೆ ನಟ್ಟನ್ನು ವೆಲ್ಡ್ ಮಾಡಿಸಿಬಿಟ್ಟರು. ಬೋಲ್ಟಿನ ತಲೆ ಕಾರಿನ ಹೊಟ್ಟೆಯ ಕೆಳಗೆ, ನಟ್ಟು ಒಳಗೆ ಸೀಟಿನಡಿ. ಹತ್ತು ವರ್ಷ ಆ ಬೋಲ್ಟು ಅಜ್ಜಂಪುರ, ಶಿವನಿ, ಕಡೂರು ರಸ್ತೆಗಳ ನೀರು, ಕೆಸರು, ಸಗಣಿ ಎಲ್ಲ ಕುಡಿದು ಅಲ್ಲೇ ಕೂತಿತ್ತು.

3

ಆ ವರ್ಷ ಜೂನ್‌ನಲ್ಲಿ ನಡೆದದ್ದನ್ನು ಹೇಳಬೇಕು.

ಮಲ್ಲಿಕಾರ್ಜುನಪ್ಪನವರಿಗೆ ಕಣ್ಣಿನ ಒತ್ತಡದ ಕಾಯಿಲೆ. ಪಕ್ಕದ ನೋಟ ನಿಧಾನವಾಗಿ ಹೋಗುತ್ತಿತ್ತು. ಎದುರಿಗಿದ್ದದ್ದು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು, ಆಚೀಚೆ ಏನೂ ಇಲ್ಲ. ಡಾಕ್ಟರು ಕಾರು ಓಡಿಸಬೇಡಿ ಅಂದಿದ್ದರು. “ರಸ್ತೆ ನೇರಕ್ಕೇ ಇರುತ್ತಲ್ಲ ಡಾಕ್ಟ್ರೇ” ಅಂದು ಇವರು ಓಡಿಸುತ್ತಲೇ ಇದ್ದರು. ಒಂದು ಭಾನುವಾರ ಗಂಡ ಹೆಂಡತಿ ಕಡೂರಿನಿಂದ ಬರುವಾಗ, ಎಮ್ಮೆದೊಡ್ಡಿ ಕಾವಲಿನ ಅಮೃತಮಹಲ್ ಹಸುಗಳ ಹಿಂಡು ಎಡಗಡೆಯಿಂದ ರಸ್ತೆ ದಾಟಲು ಬಂತು. ಕೊಂಬೆತ್ತಿ ನಡೆಯುವ ನೂರಕ್ಕೂ ಹೆಚ್ಚು ಹಸು. ಯಜಮಾನರಿಗೆ ಒಂದೂ ಕಾಣಲಿಲ್ಲ.

ಟೀಚರಮ್ಮ ಕಿರುಚಿದರು. ಯಜಮಾನರು ಬ್ರೇಕ್ ಒತ್ತಿದರು. ಕಾರು ಮೋರಿಯ ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಸುಗಳು ಕಾರಿನ ಎರಡೂ ಪಕ್ಕದಲ್ಲಿ, ಕಿಟಕಿಗೆ ಮೈ ಉಜ್ಜುತ್ತಾ ದಾಟಿ ಹೋದವು. ಅಷ್ಟು ಹೊತ್ತೂ ಮಲ್ಲಿಕಾರ್ಜುನಪ್ಪನವರು ಸ್ಟೀರಿಂಗ್ ಹಿಡಿದೇ ಕೂತಿದ್ದರಂತೆ. “ಎಷ್ಟಿದ್ವು?” ಅಂತ ಒಂದೇ ಮಾತು ಕೇಳಿದರಂತೆ. ಮನೆಗೆ ಬಂದವರು ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿದರು.

ಆದರೆ ದಿನಾ ಬೆಳಗ್ಗೆ ಕಾರು ಒರೆಸುತ್ತಿದ್ದರು. ಎಂಜಿನ್ ಸ್ಟಾರ್ಟ್ ಮಾಡಿ ಡ್ರೈವರ್ ಸೀಟಿನಲ್ಲಿ ಕಾಲು ಗಂಟೆ ಕೂರುತ್ತಿದ್ದರು. “ಬ್ಯಾಟ್ರಿ ಇಳಿದ್ಹೋಗುತ್ತೆ ಕಣಯ್ಯ, ಅದಕ್ಕೆ” ಅಂತ ನಾನು ಕೇಳದಿದ್ದರೂ ಹೇಳುತ್ತಿದ್ದರು.

(ಇಲ್ಲಿ ಮಲ್ಲಿಕಾರ್ಜುನಪ್ಪನವರು ಅಡ್ಡ ಬರುತ್ತಾರೆ. “ಇದನ್ನೆಲ್ಲಾ ಯಾಕೆ ಬರೀತಿಯೋ? ನನ್ನ ಕುರುಡ ಮಾಡ್ಬಿಟ್ಟೆ. ಪೇಪರ್ ಓದ್ತಿದ್ದೆ ಕಣೋ ನಾನು!” ಹೌದು, ಓದುತ್ತಿದ್ದರು. ಒಂದು ಸಲಕ್ಕೆ ಒಂದೇ ಪದ ಕಾಣುತ್ತಿತ್ತು, ಆದರೂ ಇಡೀ ಪೇಪರ್ ಓದುತ್ತಿದ್ದರು. ಬರೆದಿದ್ದೇನೆ ಸಾರ್.)

4

ಜುಲೈನಿಂದ ಟೀಚರಮ್ಮ ಪ್ರತಿ ಶನಿವಾರ ಮಧ್ಯಾಹ್ನ ರೈಲು ಹತ್ತಿ ಕಡೂರಿಗೆ ಹೋಗತೊಡಗಿದರು. ಸೇವಾದಳದ ಟ್ರೈನಿಂಗು ಅಂತ ಮನೆಯಲ್ಲಿ ಹೇಳಿದ್ದರು. ಅಕ್ಟೋಬರಿನಲ್ಲಿ ಒಂದು ಶನಿವಾರ ಅವರ ಬಟ್ಟೆಚೀಲದಿಂದ ಚೌಕದ ತಗಡೊಂದು ಜಗಲಿಯ ಮೇಲೆ ಠಣ್ ಅಂತ ಬಿತ್ತು. ಬಿಳಿ ತಗಡಿನ ಮೇಲೆ ಕೆಂಪು ‘ಎಲ್’. ಬಿದ್ದದ್ದು ಯಜಮಾನರ ಎದುರಿಗೇ. ನೇರ ಎದುರಿಗೆ. ಕಾಣದೆ ಹೋಗುವ ಹಾಗೇ ಇರಲಿಲ್ಲ.

“ಏನಿದು?”

“ಡ್ರೈವಿಂಗ್ ಕಲೀತಿದೀನಿ. ಲಕ್ಕಣ್ಣನ ಸ್ಕೂಲಲ್ಲಿ. ಎಲ್‌ಎಲ್‌ಆರ್ ಬಂದಿದೆ.”

“ಯಾತಕ್ಕೆ?”

“ಯಾತಕ್ಕೆ ಅಂದ್ರೆ? ಓಡಿಸೋಕೆ.”

ಯಜಮಾನರು ಎರಡು ದಿನ ಮಾತಾಡಲಿಲ್ಲ. ರೇಡಿಯೋದಲ್ಲಿ ಭದ್ರಾವತಿ ಕೇಂದ್ರದ ಕೃಷಿರಂಗ ಒಂದೇ ಆ ಮನೆಯಲ್ಲಿ ಮಾತಾಡುತ್ತಿತ್ತು. ಮೂರನೇ ದಿನ ಊಟಕ್ಕೆ ಕೂತಾಗ ಹೇಳಿದರು:

“ಓಡಿಸು. ನಾನೇನು ಬೇಡ ಅನ್ನಲ್ಲ. ಸೀಟು ಮಾತ್ರ ಅಲ್ಲಾಡಿಸಬೇಡ.”

ಈ ಮಾತನ್ನು ಟೀಚರಮ್ಮ ಒಪ್ಪಿಕೊಂಡರು. ಲಕ್ಕಣ್ಣನ ಕಾರಿನಲ್ಲೇ ಕಲಿತು, ಅದರಲ್ಲೇ ಟೆಸ್ಟ್ ಕೊಡುವುದು ಅಂತಿತ್ತು. ಆದರೆ ತರೀಕೆರೆಯಲ್ಲಿ ಆರ್‌ಟಿಓ ಕ್ಯಾಂಪು ಇದ್ದದ್ದು ಶುಕ್ರವಾರ, ಲಕ್ಕಣ್ಣನ ಕಾರು ಗೇರ್‌ಬಾಕ್ಸ್ ಬಿಚ್ಚಿಕೊಂಡು ಮಲಗಿದ್ದು ಅದೇ ವಾರದ ಸೋಮವಾರ. “ಟೀಚರಮ್ಮ, ನಿಮ್ಮನೇ ಕಾರೇ ತಗೊಂಡ್ಹೋಗಿ” ಅಂತ ಲಕ್ಕಣ್ಣ ಫೋನಿನಲ್ಲಿ ಹೇಳಿದ. (ಎಕ್ಸ್‌ಚೇಂಜಿನಲ್ಲಿ ಲೈನು ಸೇರಿಸಿದ್ದು ನಾನೇ.)

ಹೀಗಾಗಿ ಆ ಸೋಮವಾರ ಸಂಜೆ. ಕಾಲು ಎಟುಕಲಿಲ್ಲ. ಬೆನ್ನಿಗೆ ಒಂದು ದಿಂಬು ಕೊಟ್ಟೆ. ಸಾಲಲಿಲ್ಲ. ಎರಡನೇ ದಿಂಬು ಕೊಟ್ಟೆ. ಕಾಲು ಎಟುಕಿತು, ಎಂಜಿನ್ ಶುರುವಾಯಿತು, ಫಸ್ಟ್ ಗೇರ್ ಬಿತ್ತು. ಆಗ ದಿಂಬು ಕುಗ್ಗಿ, ಟೀಚರಮ್ಮ ಹಿಂದಕ್ಕೆ ಕುಸಿದು, ಕಾಲು ಕ್ಲಚ್ಚಿನಿಂದ ಜಾರಿ, ಕಾರು ಒಂದು ನೆಗೆತ ನೆಗೆದು ಬಟ್ಟೆ ಒಗೆಯುವ ಕಲ್ಲಿಗೆ ಹೋಗಿ ಗುದ್ದಿತು.

ಜಗಲಿಯಿಂದ ಯಜಮಾನರ ದನಿ ಬಂತು: “ಕಲ್ಲಿಗೆ ಏನಾಯ್ತು ನೋಡ್ರಪ್ಪಾ.”

ಟೀಚರಮ್ಮ ಇಳಿದು ಬಂದರು. ಅವರು ಕ್ಲಾಸಿನಲ್ಲೂ ಜೋರು ಮಾಡುವವರಲ್ಲ. ಗಂಡನ ಮುಂದೆ ನಿಂತು ಮೆಲ್ಲಗೆ ಹೇಳಿದರು: “ರೀ, ಸೀಟು ಮುಂದಕ್ಕೆ ಬರಬೇಕು. ನಾಳೆ ಜವರಯ್ಯನ್ನ ಕರೆಸ್ತೀನಿ.”

ಯಜಮಾನರು ರೇಡಿಯೋ ದನಿ ಹೆಚ್ಚಿಸಿದರು.

5

ಜವರಯ್ಯ ಲಕ್ಕವಳ್ಳಿ ಡ್ಯಾಮಿನ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಫಿಟರ್ ಆಗಿದ್ದವನು. ರಿಟೈರಾದ ಮೇಲೆ ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ. ಶೆಡ್ಡಿನ ಗೋಡೆಗೆ ಬುದ್ಧನ ಕ್ಯಾಲೆಂಡರು, ಅದರ ಪಕ್ಕದಲ್ಲಿ ಸೈಜಿನ ಪ್ರಕಾರ ಸ್ಪ್ಯಾನರುಗಳ ಸಾಲು. ತೆಳ್ಳಗಿನ ಆಳು, ಮಾತು ಕಮ್ಮಿ.

ಮಂಗಳವಾರ ಸಂಜೆ ಬಂದು ಕಾರಿನಡಿ ತೂರಿ ನೋಡಿದ. ಬ್ರಶ್ಶಿನಿಂದ ಮಣ್ಣು ಕೆರೆದ. ಸ್ಪ್ಯಾನರ್ ಹಾಕಿ ಬರೀ ಕೈ ಭಾರ ಬಿಟ್ಟು ನೋಡಿದ. ಹೊರಗೆ ಬಂದು ಕೂತ.

“ಜಾಮ್ ಆಗೈತೆ ಅಮ್ಮಾವ್ರೇ. ಈಗ ಬಲ ಹಾಕಿದ್ರೆ ಮುರೀತದೆ. ಎಣ್ಣೆ ಕುಡಿಸಿ ಬಿಡೋವಾ. ಗುರುವಾರ ಬೆಳಿಗ್ಗೆ ಬತ್ತೀನಿ.”

“ಗುರುವಾರವಾ? ಶುಕ್ರವಾರ ಟೆಸ್ಟು ಕಣಯ್ಯಾ.”

“ಬುಧವಾರ ಎಲ್ಲಾ ನೆನೀಬೇಕು. ಅದರ ಪಾಡಿಗೆ ಅದನ್ನ ಬಿಡ್ಬೇಕು. ಯಾರೂ ಮುಟ್ಬೇಡಿ.”

ಸೀಮೆಎಣ್ಣೆಗೆ ಹಳೆಯ ಎಂಜಿನ್ ಆಯಿಲ್ ಬೆರೆಸಿ, ಬಟ್ಟೆ ನೆನೆಸಿ, ಬೋಲ್ಟಿನ ತಲೆಗೆ ಸುತ್ತಿ ಹೋದ.

ಬುಧವಾರ ಟೀಚರಮ್ಮ ಸ್ಕೂಲಿಗೆ ಹೋದರು. ನಾನು ಡ್ಯೂಟಿಗೆ ಹೋದೆ. ಯಜಮಾನರು ಮನೆಯಲ್ಲಿದ್ದರು.

ಗುರುವಾರ ಬೆಳಗ್ಗೆ ಎಂಟಕ್ಕೆ ಜವರಯ್ಯ ಬಂದು ಕಾರಿನಡಿ ತೂರಿದ. ಆಮೇಲೆ ಅವನ ಕೈ ಮಾತ್ರ ಹೊರಗೆ ಬಂತು. ಅಂಗೈ ಮೇಲೆ ಬೋಲ್ಟಿನ ತಲೆ. ಅಡಿಕೆ ಹೋಳಿನಷ್ಟು.

5 (ಇನ್ನೊಂದು ಸಲ)

ಇಲ್ಲಿ ಮೂರು ಕರಡು ಬರೆದು ಮೂರನ್ನೂ ಹರಿದಿದ್ದೇನೆ. ಹರಿದದ್ದನ್ನೇ ಹೇಳುತ್ತೇನೆ.

ಮೊದಲನೆಯದರಲ್ಲಿ ಬೋಲ್ಟು ಮುರಿದದ್ದು ಜವರಯ್ಯ. ಊರಿನಲ್ಲಿ ಹಾಗೇ ಸುದ್ದಿಯಾಗಿತ್ತು. ಜವರಯ್ಯ ಒಪ್ಪಲಿಲ್ಲ. “ನನ್ ಕೈಲಿ ಇಪ್ಪತ್ತೆರಡು ವರ್ಸದಲ್ಲಿ ಮುರಿದಿರೋ ಬೋಲ್ಟು ಆರು. ಆರೂ ಎಲ್ಲೆಲ್ಲಿ ಅಂತ ಹೇಳ್ತೀನಿ. ಏಳನೇದು ನನ್ ತಲೆಗೆ ಕಟ್ಬೇಡಿ.” ಅವನ ಹತ್ತಿರ ಸಾಕ್ಷಿಯೂ ಇತ್ತು. ಸ್ಪ್ಯಾನರ್ ಜಾರಿದಾಗ ಬೋಲ್ಟಿನ ತಲೆಯ ಮೂಲೆ ಸವೆಯುತ್ತದೆ. ಬಿಚ್ಚುವ ಕಡೆಗೆ ತಿರುಗಿಸಿದರೆ ಮೂಲೆಯ ಒಂದು ಪಕ್ಕ, ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಇನ್ನೊಂದು ಪಕ್ಕ. ಈ ತಲೆಯಲ್ಲಿ ಸವೆದಿದ್ದದ್ದು ಇನ್ನೊಂದು ಪಕ್ಕ. ಅಂದರೆ ಯಾರೋ ಬುಧವಾರ ಮಧ್ಯಾಹ್ನ ಆ ಬೋಲ್ಟನ್ನು ಬಿಗಿ ಮಾಡಿದ್ದರು. ಜೀವ ಬಿಟ್ಟು ಬಿಗಿ ಮಾಡಿದ್ದರು.

ಎರಡನೆಯದರಲ್ಲಿ ಹಾಗೆ ಮಾಡಿದ್ದು ಮಲ್ಲಿಕಾರ್ಜುನಪ್ಪನವರು, ಬೇಕೆಂದೇ, ಯಾರೂ ಯಾವತ್ತೂ ಬಿಚ್ಚಬಾರದು ಅಂತ. ಕಥೆಗೆ ಇದು ಬಹಳ ಚೆನ್ನಾಗಿ ಕೂರುತ್ತದೆ. ಆದರೆ ಯಜಮಾನರು ಕೂರಲು ಬಿಡಲಿಲ್ಲ. “ಬಿಚ್ಚೋಕೇ ಹೋಗಿದ್ದು ಕಣೋ ನಾನು. ಅವಳು ಸ್ಕೂಲಿಂದ ಬರೋ ಹೊತ್ತಿಗೆ ಸೀಟು ಮುಂದಕ್ಕೆ ಮಾಡಿಟ್ಟಿರೋಣ ಅಂತ. ನೆಲದ ಮೇಲೆ ಮಲಗಿ ಕೈ ಒಳಗೆ ಹಾಕಿದ್ದೆ. ಕಾಣ್ತಿರಲಿಲ್ಲ. ಮೇಲಿಂದ ನೋಡ್ದಂಗೆ ಲೆಕ್ಕ ಹಾಕಿ ತಿರುಗಿಸ್ದೆ. ಕೆಳಗಿಂದ ಅದು ಉಲ್ಟಾ ಆಗುತ್ತಲ್ಲ.”

ಆಗುತ್ತದೆ. ನಾನೂ ಆಮೇಲೆ ಒಂದು ಬೋಲ್ಟಿನ ಮೇಲೆ ಪರೀಕ್ಷೆ ಮಾಡಿದೆ. ತಲೆ ಕೆಳಗಿದ್ದಾಗ ಕೈ ಮೋಸ ಹೋಗುತ್ತದೆ.

ಮೂರನೆಯ ಕರಡು ಟೀಚರಮ್ಮನವರದು. ಬುಧವಾರ ಸಂಜೆ ಬಚ್ಚಲಿನ ಬಕೆಟ್ಟಿನಲ್ಲಿ ಯಜಮಾನರ ಬಿಳಿ ಅಂಗಿ ನೆನೆಹಾಕಿದ್ದನ್ನು ನಾನು ಕಂಡಿದ್ದೆ. ಎಡ ಭುಜದ ತುಂಬಾ ಮಣ್ಣು, ತೋಳಿಗೆ ಎಣ್ಣೆ. ಅಂದರೆ ಯಜಮಾನರು ಕಾರಿನಡಿ ತೂರಿದ್ದು ಟೀಚರಮ್ಮನಿಗೆ ಜವರಯ್ಯನಿಗಿಂತ ಮೊದಲೇ ಗೊತ್ತಿತ್ತು. ಎಷ್ಟೋ ವರ್ಷದ ಮೇಲೆ ಕೇಳಿದೆ, ಆಗ ನಿಮಗೆ ಏನನ್ನಿಸಿತು ಅಂತ.

“ಅಂಗಿ ಒಗೆದೆ” ಅಂದರು.

“ಅದು ಸರಿ. ಅನ್ನಿಸಿದ್ದು?”

“ಸೋಪು ಎರಡು ಸಲ ಹಾಕ್ಬೇಕಾಯ್ತು.”

ಓದುಗರೇ, ಇವರಿಂದ ಇಷ್ಟೇ ಹೊರಟಿದ್ದು.

6

ಈಗ ಗುರುವಾರ ಬೆಳಗ್ಗೆಗೆ ವಾಪಸ್ ಬನ್ನಿ. ಜವರಯ್ಯನ ಅಂಗೈ ಮೇಲೆ ಬೋಲ್ಟಿನ ತಲೆ ಇದೆ. ಟೀಚರಮ್ಮ ರಜೆ ಹಾಕಿ ಸೆರಗು ಸಿಕ್ಕಿಸಿ ನಿಂತಿದ್ದಾರೆ. ನನ್ನದು ಅವತ್ತು ಮಧ್ಯಾಹ್ನದ ಡ್ಯೂಟಿ, ನಾನು ಟಾರ್ಚ್ ಹಿಡಿದಿದ್ದೇನೆ. ಯಜಮಾನರು ಜಗಲಿಯಲ್ಲಿ. ರೇಡಿಯೋ ಆಫ್ ಆಗಿದೆ.

ಜವರಯ್ಯ ಎದ್ದು, ತಲೆಯನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಜಗಲಿಯ ಕಡೆ ನೋಡಿದ.

“ಅಪ್ಪಾವ್ರೇ,” ಅಂದ, “ನೀವ್ ಮಾಡಿದ್ದು ಸರಿಯಾಗೇ ಐತೆ. ಜಾಮ್ ಆಗಿರೋ ಬೋಲ್ಟನ್ನ ಬಿಚ್ಚೋಕೆ ಮೊದಲು ಒಂಚೂರು ಬಿಗಿ ಮಾಡ್ಬೇಕು. ಆಗ ತುಕ್ಕು ಬಿಡ್ತದೆ. ತಿಳಿದೋರು ಹಂಗೇ ಮಾಡೋದು. ನೀವು ಸ್ವಲ್ಪ ಜಾಸ್ತಿ ಮಾಡ್ಬಿಟ್ರಿ, ಅಷ್ಟೇಯ.”

ಯಜಮಾನರು ಎದ್ದು ನಿಂತರು, ಮತ್ತೆ ಕೂತರು, ಮತ್ತೆ ಎದ್ದರು.

“ಈಗ ಏನ್ ಮಾಡೋದು ಜವರಯ್ಯ?”

“ನೀವ್ ಬರ್ಬೇಕು. ನಿಮ್ದು ಕೈ ಉದ್ದ.”

6 (ಅಡ್ಡಿ)

ಅಷ್ಟರಲ್ಲಿ ಕಾಫಿ ಬಂತು. ನಮಗೆ ಯಾವ ಲೋಟದಲ್ಲಿ, ಜವರಯ್ಯನಿಗೆ ಯಾವ ಲೋಟದಲ್ಲಿ ಬಂತು ಅಂತ ಬರೆಯಲು ನಾನು ಪೆನ್ನು ಎತ್ತಿದ್ದೆ. ಆಧುನಿಕ ಲೇಖಕನಿಗೆ ಇಂಥ ಲೋಟ ಬಿಡುವುದು ಕಷ್ಟ. ಮತ್ತೆ ಕಾರಿನಡಿ ತೂರಿದ್ದ ಜವರಯ್ಯನ ದನಿ ಬಂತು.

“ಏನ್ ಬರೀತಿದೀರಾ ಸ್ವಾಮಿ?”

“ಕಾಫಿ ಬಂತಲ್ಲ ಜವರಯ್ಯ, ಅದೇ, ಲೋಟ...”

“ನನ್ ಲೋಟ ಬರೀಬೇಡಿ. ನನ್ ಕೆಲ್ಸ ಬರೀರಿ. ಲೋಟದ್ ಕಥೆ ಬರ್ಯೋರು ಬೇಕಾದಷ್ಟ್ ಜನ ಅವ್ರೆ. ಮಲಕ್ಕೊಂಡು, ಹ್ಯಾಂಡ್ ಡ್ರಿಲ್ಲಲ್ಲಿ ಮೇಲಕ್ಕೆ ತೂತ ಕೊರೆಯೋದ್ ಹೆಂಗೆ ಅಂತ ಬರ್ದೋರು ಒಬ್ರೂ ಇಲ್ಲ.”

ಸರಿ. ಬರೆಯುತ್ತೇನೆ.

7

ಮುರಿದ ಬೋಲ್ಟಿನ ಉಳಿದ ತುಂಡು ಕಾರಿನ ತಳಕ್ಕೆ ಸಮವಾಗಿ ಒಳಗೆ ಕೂತಿತ್ತು. ಹಿಡಿಯಲು ಹಿಡಿಯೇ ಇಲ್ಲ. ಮೇಲಿನ ತುದಿ ನಟ್ಟಿನ ಬಾಯಿಗೆ ಸಮ. ಅಲ್ಲೂ ಹಿಡಿಯಿಲ್ಲ. ಹಿಡಿ ಇಲ್ಲದ್ದಕ್ಕೆ ಹಿಡಿ ಮಾಡಿಕೊಡುವುದೇ ಕೆಲಸ.

ಜವರಯ್ಯ ಜಾಕ್ ಕೊಟ್ಟು ಕಾರು ಎತ್ತಿ, ಚಕ್ರದಡಿ ಕಲ್ಲಿಟ್ಟ. ಗೋಣಿಚೀಲದ ಮೇಲೆ ಅಂಗಾತ ಮಲಗಿದ. ತುಂಡಿನ ಸರಿಯಾದ ನಡುವನ್ನು ಉಗುರಿನಿಂದ ಮುಟ್ಟಿ ಮುಟ್ಟಿ ಹುಡುಕಿ ಪಂಚ್ ಇಟ್ಟು ಒಂದೇ ಏಟು ಹಾಕಿದ. ಆಮೇಲೆ ಹ್ಯಾಂಡ್ ಡ್ರಿಲ್ಲು. ಹಿಡಿಯನ್ನು ಎದೆಗೆ ಆನಿಸಿಕೊಂಡು, ಮೊಣಕೈ ನೆಲಕ್ಕೆ ಊರಿ, ಉಸಿರು ಒಳಗೆ ಎಳೆದುಕೊಂಡಾಗ ಡ್ರಿಲ್ಲು ಮೇಲಕ್ಕೆ ಒತ್ತುವ ಹಾಗೆ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ನೇರ ಹಿಡಿಯುತ್ತದೆ. ಕಬ್ಬಿಣದ ಪುಡಿ ಮುಖದ ಮೇಲೆ ಉದುರುತ್ತದೆ, ಅದಕ್ಕೆ ಕಣ್ಣು ಮುಚ್ಚಿಕೊಂಡೇ ಕೊರೆಯಬೇಕು. ಹಾಗಾಗಿ ನನ್ನ ಟಾರ್ಚು ಯಾರಿಗೂ ಬೇಕಾಗಿರಲಿಲ್ಲ. (ಇದು ನನಗೆ ಈಗ, ಬರೆಯುವಾಗ ಹೊಳೆಯುತ್ತಿದೆ. ಎರಡು ಗಂಟೆ ಹಿಡಿದು ನಿಂತಿದ್ದೆ.)

ಎರಡು ಗಂಟೆಯಲ್ಲಿ ಅರ್ಧ ಇಂಚು ತೂತು ಇಳಿಯಿತು. ಇಳಿಯಿತು ಅನ್ನಬಾರದು, ಏರಿತು. ಪೂರ್ತಿ ಕೊರೆದುಬಿಡಬಾರದೇ ಅಂತ ಕೇಳಿದೆ. ದಪ್ಪ ಡ್ರಿಲ್ ಬಿಟ್ ಹಾಕಿದರೆ ಸೀಟಿನ ಕಂಬಿಯೂ ಹರಿದುಹೋಗುತ್ತದೆ ಅಂದ. ಕಬ್ಬಿಣ ತಿಕ್ಕುವ ಒಂದು ಹಳೆಯ ಅರವನ್ನು ಚೌಕಕ್ಕೆ, ತುದಿ ಸಣ್ಣಗಾಗುವ ಹಾಗೆ ಉಜ್ಜಿ ತಂದಿದ್ದ. ಅದನ್ನು ತೂತಿಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಿದ. ಈಗ ಬೋಲ್ಟಿಗೆ ಹಿಡಿ ಬಂತು.

“ಇದು ಅರದ ಉಕ್ಕು,” ಅಂದ. “ಗಟ್ಟಿ. ಆದ್ರೆ ಒರಟಾಗಿ ತಿರುಗಿಸಿದ್ರೆ ಗಾಜಿನಂಗೆ ಮುರೀತದೆ. ಒಳಗೇ ಮುರಿದ್ರೆ ಆಮೇಲೆ ನಾನೂ ಇಲ್ಲ, ಬುದ್ಧನೂ ಇಲ್ಲ. ಅಪ್ಪಾವ್ರೇ, ಹಿಂದಿನ ಸೀಟಲ್ಲಿ ಕೂತ್ಕೊಂಡು ಮುಂದಿನ ಸೀಟಿನಡಿ ಕೈ ಹಾಕಿ. ನಟ್ಟು ಸಿಕ್ತಾ?”

ಮಲ್ಲಿಕಾರ್ಜುನಪ್ಪನವರು ಆರಡಿ ಮೈಯನ್ನು ಮಡಚಿ ಹಿಂದಿನ ಸೀಟಿನಲ್ಲಿ ತೂರಿಕೊಂಡು ಕೈ ಚಾಚಿದರು. ಆ ಸಂದಿಗೆ ಕಣ್ಣು ಹೋಗುವ ಹಾಗೇ ಇರಲಿಲ್ಲ, ಯಾರ ಕಣ್ಣೂ. “ಸಿಕ್ತು.”

“ನಾನು ಕೆಳಗಿಂದ ಕಾಯಿಸ್ತೀನಿ. ಬಿಸಿ ಏರ್ದಾಗ ಈ ಮೇಣದ ಬತ್ತಿ ತುದೀನ ನಟ್ಟಿಗೆ ಮುಟ್ಟಿಸಿ. ಮೇಣ ಕರಗಿ ಥ್ರೆಡ್ ಒಳಗೆ ಇಳೀತದೆ. ಎಣ್ಣೆ ಹೋಗದೇ ಇರೋ ಕಡೆ ಮೇಣ ಹೋಯ್ತದೆ. ಕೈ ಸುಟ್ಕೋಬೇಡಿ.”

ಕಾರಿನ ಒಳಗಿನ ಚಾಪೆ ತೆಗೆದು ಒದ್ದೆ ಗೋಣಿ ಹಾಸಿದೆವು. ಪೆಟ್ರೋಲ್ ಟ್ಯಾಂಕು ಹಿಂದೆ ದೂರದಲ್ಲಿತ್ತು. ಆದರೂ ಟೀಚರಮ್ಮ ಒಂದು ಕೊಡ ನೀರು ತಂದು, ಮರಳಿನ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು ಕಾವಲು ನಿಂತರು. ಬ್ಲೋ ಲ್ಯಾಂಪು ಬುಸ್ಸೆಂದಿತು.

“ಬಿಸಿ ಆಗ್ತಿದೆ,” ಯಜಮಾನರು. “ಇನ್ನೂ. ಹಾಂ. ಮೇಣ ಕರಗ್ತಿದೆ. ಇಳೀತಿದೆ ಕಣಯ್ಯ, ಇಳೀತಿದೆ! ಸ್ ಸ್...”

“ಸುಟ್ಕೊಂಡ್ರಾ?” ಟೀಚರಮ್ಮ.

“ಇಲ್ಲ.” (ಸುಟ್ಟುಕೊಂಡಿದ್ದರು. ಸಂಜೆ ತೋರುಬೆರಳು ಬೊಬ್ಬೆ ಬಂದಿತ್ತು.)

ಲ್ಯಾಂಪು ಆರಿಸಿ ಜವರಯ್ಯ ಕಾದ. ಆಮೇಲೆ ಚೌಕದ ಉಕ್ಕಿಗೆ ಸ್ಪ್ಯಾನರ್ ಹಾಕಿ ಮೊದಲು ಬಿಗಿಯ ಕಡೆಗೆ ಕೂದಲೆಳೆಯಷ್ಟು ಒತ್ತಿದ. ಬಿಚ್ಚುವ ಕಡೆಗೆ ಕೂದಲೆಳೆಯಷ್ಟು. ಮತ್ತೆ ಬಿಗಿ. ಮತ್ತೆ ಸಡಿಲ. ನನಗಂತೂ ಏನೂ ಅಲುಗಿದ ಹಾಗೆ ಕಾಣಲಿಲ್ಲ. ಟೀಚರಮ್ಮನ ತುಟಿ ಅಲುಗುತ್ತಿತ್ತು. ಮಗ್ಗಿ ಹೇಳುತ್ತಿದ್ದರಂತೆ. ಹದಿನೇಳರ ಮಗ್ಗಿ.

ಮತ್ತೆ ಕಾಯಿಸಿದ. ಮತ್ತೆ ಮೇಣ. ಮತ್ತೆ ಬಿಗಿ, ಸಡಿಲ. ಹನ್ನೊಂದೂವರೆ ಆಯಿತು. ಯಜಮಾನರು ಅದೇ ಭಂಗಿಯಲ್ಲಿ, ಸೀಟಿನ ಬೆನ್ನಿಗೆ ಕೆನ್ನೆ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಬೆರಳ ತುದಿಯಲ್ಲಿ ಆ ತುಂಡನ್ನು ಮುಟ್ಟಿಕೊಂಡೇ ಇದ್ದರು.

“ಜವರಯ್ಯ.”

“ಆಂ?”

“ಅಲ್ಲಾಡ್ತು.”

“ಇಲ್ಲ ಬಿಡಿ ಅಪ್ಪಾವ್ರೇ, ನಂಗೇನೂ ಗೊತ್ತಾಗ್ಲಿಲ್ಲ.”

“ಅಲ್ಲಾಡ್ತು ಅಂದ್ನಲ್ಲಯ್ಯ! ಅದೇ ಕಡೆ ಇನ್ನೊಂಚೂರು ಕೊಡು. ಮೆಲ್ಲಗೆ. ಹಾಂ, ಸಾಕು, ವಾಪಸ್. ಈಗ ಕೊಡು.”

ಇಲ್ಲಿಂದ ಮುಂದೆ ಹೇಳುತ್ತಿದ್ದದ್ದು ಯಜಮಾನರು, ತಿರುಗಿಸುತ್ತಿದ್ದದ್ದು ಜವರಯ್ಯ. ಅವರಿಬ್ಬರ ನಡುವೆ ಕಾರಿನ ತಳದ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು. “ಕೊಡು.” “ಕೊಟ್ಟೆ.” “ಕೊಡು.” “ಕೊಟ್ಟೆ.” ಕೀರ್ ಅಂತ ಒಂದು ಸಣ್ಣ ದನಿ ಬಂತು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ.

“ಗುಳಿ ಆಯ್ತು!” ಯಜಮಾನರು ಕೂಗಿದರು. “ನಟ್ಟಿನ ಬಾಯಲ್ಲಿ ಗುಳಿ ಆಯ್ತು, ನನ್ ಬೆರಳು ಒಳಕ್ಕೆ ಹೋಗ್ತಿದೆ ಕಣೇ ವಿಶಾಲೂ!”

ನಾನು ಆ ಮನೆಯಲ್ಲಿ ಎರಡು ವರ್ಷ ಇದ್ದೆ. ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೊಂದೇ ಸಲ.

ಬೋಲ್ಟು ಜವರಯ್ಯನ ಎದೆಯ ಮೇಲೆ ಬಿತ್ತು.

8

ಇಲ್ಲಿಗೇ ಮುಗಿಸೋಣ ಅಂದುಕೊಂಡಿದ್ದೆ. ಓದಲು ಕಳಿಸಿದ್ದ ಕರಡಿನ ಮೇಲೆ ಟೀಚರಮ್ಮ ಕೆಂಪು ಇಂಕಿನಲ್ಲಿ ಬರೆದು ವಾಪಸ್ ಕಳಿಸಿದರು: ‘ಕಾರು ಎಲ್ಲಿಗೂ ಹೋಗಿಲ್ಲ. ಅಪೂರ್ಣ.’

ಸರಿ. ಶುಕ್ರವಾರ ಬೆಳಗ್ಗೆ. ಸೀಟು ಆರಿಂಚು ಮುಂದಕ್ಕೆ ಬಂದು, ಹೊಸ ಬೋಲ್ಟು ಹಾಕಿಸಿಕೊಂಡು ಕೂತಿದೆ. ಸೀಟನ್ನು ತಳ್ಳಿದ್ದು ಯಜಮಾನರೇ. “ಕಾಲು ಚಾಚು. ಪೂರ್ತಿ ಒತ್ತು. ಮೊಣಕಾಲು ಒಂಚೂರು ಮಡಚಿರ್ಬೇಕು, ಹಾಂ, ಇಲ್ಲಿ” ಅಂತ ನಾಲ್ಕು ಸಲ ಹಿಂದೆ ಮುಂದೆ ಮಾಡಿಸಿ, ಆಮೇಲೆ ಬಿಗಿ ಮಾಡಿಸಿದರು. ಈಗ ಅವರು ಎಡಗಡೆಯ ಸೀಟಿನಲ್ಲಿ ಕೂತರು. ಆ ಕಾರಿನ ಎಡಗಡೆ ಅವರು ಕೂತದ್ದು ಅದೇ ಮೊದಲು. ಮೊಣಕಾಲು ಗಲ್ಲಕ್ಕೆ ಬಂತು.

“ಥೂ, ಇಷ್ಟು ಇಕ್ಕಟ್ಟಾ? ಹತ್ತು ವರ್ಷ ಇಲ್ಲಿ ಹೆಂಗೆ ಕೂತಿದ್ಯೇ?”

“ನನಗೆ ಸರಿಯಾಗೇ ಇತ್ತು. ಕಿಟಕಿ ಒಂದು ಇಳೀತಿರಲಿಲ್ಲ.”

“ಹೇಳ್ಬಾರದಿತ್ತಾ?”

“ಹೇಳಿದ್ದೆ. ಎಪ್ಪತ್ನಾಲ್ಕರಲ್ಲಿ.”

ಎಲ್ ಬೋರ್ಡಿನ ಕಾರಿನಲ್ಲಿ ಲೈಸೆನ್ಸ್ ಇರುವವರು ಪಕ್ಕದಲ್ಲಿರಬೇಕು ಅಂತ ಕಾನೂನು. ಲೈಸೆನ್ಸು ಮಲ್ಲಿಕಾರ್ಜುನಪ್ಪನವರ ಜೇಬಿನಲ್ಲಿತ್ತು. ಕಣ್ಣು ಹಿಂದಿನ ಸೀಟಿನಲ್ಲಿ ಜವರಯ್ಯನ ಮುಖದಲ್ಲಿತ್ತು. ಕಾನೂನಿಗೆ ಎರಡೂ ಒಂದೇ ಕಡೆ ಇರಬೇಕೇನೋ, ನಾವು ಕೇಳಲು ಹೋಗಲಿಲ್ಲ. ಕಾರು ಒಂದು ಸಲ ಮುಗ್ಗರಿಸಿ ಗೇಟು ದಾಟಿ ತರೀಕೆರೆ ರಸ್ತೆಗೆ ತಿರುಗಿತು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಸದ್ದು ಕೇಳಿಸಿಕೊಂಡೆ. ಸೆಕೆಂಡು. ಥರ್ಡು.

9

ಮುಕ್ತಾಯ ಒಂದು: ಟೀಚರಮ್ಮ ಪಾಸಾಗುತ್ತಾರೆ, ಯಜಮಾನರು ಕಣ್ಣೀರು ಒರೆಸಿಕೊಳ್ಳುತ್ತಾರೆ. (ಯಜಮಾನರು: “ಯಾರಯ್ಯ ಅತ್ತಿದ್ದು?”)

ಮುಕ್ತಾಯ ಎರಡು: ದಾರಿಯಲ್ಲಿ ಹೊಸ ಬೋಲ್ಟು ಮುರಿಯುತ್ತದೆ. (ಜವರಯ್ಯ: “ಅದೆಂಗ್ ಮುರೀತದೆ, ನಾನು ಹಾಕಿರೋದು!”)

ಮುಕ್ತಾಯ ಮೂರು: ಎರಡೂ ಅಲ್ಲ.

ಸಂಜೆ ಐದೂವರೆಗೆ ಎಕ್ಸ್‌ಚೇಂಜಿನಲ್ಲಿ ನಾನಿದ್ದಾಗ ತರೀಕೆರೆ ಆಪರೇಟರ್ ಕರೆದಳು. “ಅಜ್ಜಂಪುರ, ನಿಮಗೇ ಒಂದು ಟ್ರಂಕ್ ಕಾಲ್, ಲಕ್ಕವಳ್ಳಿಯಿಂದ. ಮಾತಾಡಿ.”

“ಟೆಲಿಫೋನು, ನಾನಪ್ಪಾ.”

“ಟೀಚರಮ್ಮಾ! ಪಾಸಾ?”

“ಫೇಲು ಕಣಪ್ಪಾ!” ನಗುತ್ತಿದ್ದರು. “ರಿವರ್ಸ್ ತಗೊಳ್ವಾಗ ಇನ್‌ಸ್ಪೆಕ್ಟ್ರು ಗೋಡೆಗೆ ಒರಗಿಸಿದ್ದ ಕೊಡೆ ಮೇಲೆ ಹತ್ತಿಸ್ಬಿಟ್ಟೆ. ಬರೋ ತಿಂಗಳು ಬನ್ನಿ ಅಂದ್ರು. ಪಾಪ, ಒಳ್ಳೇ ಮನುಷ್ಯ.”

(ಬರುವ ತಿಂಗಳು ಮತ್ತೆ ಫೇಲು. ಜನವರಿಯಲ್ಲಿ ಪಾಸು. ಆಮೇಲೆ ಒಂಬತ್ತು ವರ್ಷ ಓಡಿಸಿದರು. ಕಥೆ ಹೇಗೆ ಮುಗಿಯಿತು ಅಂತ ಕೇಳುವವರಿಗಾಗಿ ಇದನ್ನು ಇಲ್ಲೇ ಹೇಳಿಬಿಟ್ಟಿದ್ದೇನೆ, ಇನ್ನು ನನ್ನನ್ನು ಪೀಡಿಸಬೇಡಿ.)

“ಲಕ್ಕವಳ್ಳಿಗೆ ಯಾಕೆ ಹೋದ್ರಿ?”

“ತರೀಕೆರೇಲಿ ನಮ್ಮೂರಿನ ರಸ್ತೆಗೆ ತಿರುಗ್ಬೇಕಿತ್ತು. ಅಲ್ಲೊಂದು ಬಸ್ಸು ಅಡ್ಡ ನಿಂತಿತ್ತಪ್ಪಾ. ಕಾಯೋದು ಯಾಕೆ ಅಂತ ಈ ಕಡೆ ತಿರುಗಿಸ್ದೆ. ಇವರು ‘ಎಲ್ಲಿಗೆ’ ಅಂದ್ರು. ‘ಗೊತ್ತಿಲ್ಲ’ ಅಂದೆ. ‘ಸರಿ ನಡಿ’ ಅಂದ್ರು. ಜವರಯ್ಯ ದಾರಿ ಹೇಳ್ದ. ಡ್ಯಾಮಿನ ಹತ್ರ ಇದೀವಿ. ಅವನ ತಂಗಿ ದುರ್ಗಮ್ಮ ಇಲ್ಲೇ ಕ್ವಾರ್ಟರ್ಸಲ್ಲಿದಾಳೆ, ಡ್ಯಾಮಿನ ಫೋನು ಅವರ ಮನೇಲೇ ಇದೆ, ಮುದ್ದೆಗೆ ಎಸರಿಟ್ಬಿಟ್ಟಿದಾಳೆ, ಉಣ್ಣದೆ ಹೋಗ್ಬೇಡಿ ಅಂತ ಕೂತಿದಾಳೆ. ಇವರು ಆಗಲೇ ಅವರ ಮನೆ ಮಣೆ ಮೇಲೆ ಕೂತಾಯ್ತು. ಹಾಲಿನವಳು ಬಂದ್ರೆ ಹಾಲು ತಗೊಂಡಿಡು.”

“ಯಜಮಾನ್ರಿಗೆ ಡ್ಯಾಮು ಕಾಣ್ತಾ?”

“ನೇರ ನಿಂತ್ರೆ ಒಂದು ತೂಬು ಕಾಣುತ್ತಂತೆ. ಹಂಗೇ ಸ್ವಲ್ಪ ಸ್ವಲ್ಪ ತಲೆ ತಿರುಗಿಸಿ ನಾಲ್ಕು ಸಲ ನೋಡಿದ್ರು. ಪೂರ್ತಿ ನೋಡಿದೆ ಅಂದ್ರು.”

“ಮತ್ತೆ ಯಾವಾಗ ಬರ್ತೀರಾ?”

“ಯಾವಾಗ ಅಂದ್ರೆ...” ಅಂದು ಅವರು ಫೋನಿನಾಚೆ ಯಾರನ್ನೋ ಕೇಳಿದರು. ಯಾರೋ ಏನೋ ಅಂದರು. ಹಿಂದೆ ಪಾತ್ರೆಯ ಸದ್ದು, ಜವರಯ್ಯನ ನಗು, ಅದರ ಮೇಲೆ ಯಜಮಾನರ ದನಿ: “ಯಾರೇ ಅದು, ಟೆಲಿಫೋನಾ? ಇಲ್ಲಿ ಕೊಡು, ನಾನು ಹೇಳ್ತೀನಿ.”

ಅಷ್ಟರಲ್ಲಿ ತರೀಕೆರೆ ಆಪರೇಟರ್ ನಡುವೆ ಬಂದಳು. “ಅಜ್ಜಂಪುರ, ಮೂರು ನಿಮಿಷ ಆಯ್ತು. ಮುಗಿಸ್ತೀರಾ?”

ಮುಗಿಸಬಹುದಿತ್ತು. ರೂಲ್ಸೂ ಹಾಗೇ ಇದೆ.

“ಇಲ್ಲ,” ಅಂದೆ. “ಇನ್ನೂ ಮಾತಾಡ್ತಿದ್ದಾರೆ.”